ನಮ್ಮ ಮನೆಯ ಬಾಯ್ಲರ್ ಮತ್ತು ಹದಿನಾಲ್ಕು ಗಂಟಲುಗಳು

ಮೂವತ್ತೊಂದು ವರ್ಷದಿಂದ ಕಾರ್ಪೆಟ್ ಮಾರುತ್ತಿದ್ದೇನೆ. ಗಿರಾಕಿ ಅಂಗಡಿಯ ಹೊಸ್ತಿಲು ದಾಟುವ ಮೊದಲೇ ಅವನ ಕೋಣೆ ಎಷ್ಟು ಗಜ, ಅವನ ಹೆಂಡತಿಗೆ ಯಾವ ಬಣ್ಣ ಇಷ್ಟ, ಇಬ್ಬರಲ್ಲಿ ಕೊನೆಗೆ ಯಾರ ಮಾತು ನಡೆಯುತ್ತದೆ ಎಂದು ಹೇಳಬಲ್ಲೆ. ಇಂಥವನಿಗೆ ಅಡುಗೆಮನೆಯ ಗೋಡೆಗೆ ಜೋತುಬಿದ್ದ ಒಂದು ಬಿಳಿ ಡಬ್ಬದ ಮನಸ್ಸು ತಿಳಿಯದೆ ಹೋದೀತೆ? ಹಾಗಂದುಕೊಂಡೇ ಕಳೆದ ನವೆಂಬರಿನ ಒಂದು ಸೋಮವಾರ, ಬಲಗೈಯಲ್ಲಿ ಟೀ ಲೋಟ ಹಿಡಿದು, ಹೆಂಡತಿಯ ಸಮಕ್ಷಮದಲ್ಲಿ ಶಪಥ ಮಾಡಿದೆ: "ನಾನು ಬದುಕಿರೋ ತನಕ ಈ ಮನೆ ಬಾಯ್ಲರ್‌ಗೆ ಪ್ಲಂಬರ್ ಕೈ ತಾಗಕೂಡದು."

ನೆರಿಸ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ತಲೆ ಎತ್ತಲಿಲ್ಲ.

"ಪ್ಲಂಬರ್ ನಂಬರ್ ಫ್ರಿಜ್ ಮೇಲೆ ಅಂಟಿಸಿದೀನಿ" ಎಂದಳು.

ಶಪಥಕ್ಕೆ ಕಾರಣವಿತ್ತು. ನಮ್ಮ ಬಾಯ್ಲರಿನ ಹೊಟ್ಟೆಯ ಮೇಲೆ ಗಡಿಯಾರದಂಥ ಒಂದು ಪುಟ್ಟ ಮುಖವಿದೆ, ಅದರಲ್ಲೊಂದು ಮುಳ್ಳು. ಮನೆಯ ಕೊಳವೆಗಳಲ್ಲಿ ಸುತ್ತುವ ನೀರಿನ ಒತ್ತಡ ಎಷ್ಟು ಎಂದು ಅದು ತೋರಿಸುತ್ತದೆ. ಮುಳ್ಳು ಒಂದೂವರೆಯಲ್ಲಿ ನಿಂತಿದ್ದರೆ ಸಂಸಾರ ಸುಖವಾಗಿದೆ ಎಂದರ್ಥ. ಒಂದರ ಕೆಳಗಿಳಿದರೆ ಬಾಯ್ಲರ್ ಮುನಿಸಿಕೊಂಡು ಆರಿಹೋಗುತ್ತದೆ. ಕೋಣೆಗಳನ್ನು ಬೆಚ್ಚಗಿಡುವ ಏಳೂ ರೇಡಿಯೇಟರುಗಳು ಮಂಜುಗಡ್ಡೆಯಾಗುತ್ತವೆ. ಮೂರು ಮುಟ್ಟಿದರೆ ಸೇಫ್ಟಿ ವಾಲ್ವ್ ಬಾಯ್ತೆರೆದು ಹೆಚ್ಚಾದ ನೀರನ್ನು ಗೋಡೆಯಾಚೆ ಉಗುಳುತ್ತದೆ. ಹತ್ತು ದಿನದಿಂದ, ನಾನು ಸಂಜೆ ಅಂಗಡಿಯಿಂದ ಬಂದು ನೋಡಿದರೆ ಮುಳ್ಳು ಅರ್ಧಕ್ಕೆ ಇಳಿದಿರುತ್ತಿತ್ತು. ಬಾಯ್ಲರಿನ ಕೆಳಗೆ ನೀರು ತುಂಬಿಸುವ ಎರಡು ಸಣ್ಣ ನಲ್ಲಿಗಳಿವೆ. ಅವನ್ನು ತಿರುಗಿಸಿ ಮುಳ್ಳನ್ನು ಒಂದೂವರೆಗೆ ತರುತ್ತಿದ್ದೆ. ಬೆಳಿಗ್ಗೆ ಐದಕ್ಕೆ ಮಾರುಕಟ್ಟೆಗೆ ಹೊರಡುವಾಗಲೂ ಅದು ಒಂದೂವರೆಯಲ್ಲೇ ಇರುತ್ತಿತ್ತು. ಸಂಜೆ ಬಂದರೆ ಮತ್ತೆ ಅರ್ಧ.

"ಎಲ್ಲೋ ಸೋರ್ತಿದೆ" ಎಂದಳು ನೆರಿಸ್.

"ಸೋರಿದ್ರೆ ಒದ್ದೆ ಇರ್ಬೇಕಲ್ಲ. ಒದ್ದೆ ಎಲ್ಲಿದೆ ತೋರಿಸು."

"ಅದನ್ನ ತೋರಿಸೋಕೇ ಪ್ಲಂಬರ್ ಇರೋದು."

ಚಳಿಯೊಂದೇ ಆಗಿದ್ದರೆ ಇನ್ನೊಂದು ಸ್ವೆಟರ್ ಹಾಕಿಕೊಂಡು ಸುಮ್ಮನಾಗಬಹುದಿತ್ತು. ಆದರೆ ನೆರಿಸ್ ನಮ್ಮ ಊರಿನ ಪುಟ್ಟ ಚರ್ಚಾದ ಚಾಪೆಲ್‌ನ ಹೆಂಗಸರ ಮೇಳದಲ್ಲಿ ಹಾಡುತ್ತಾಳೆ. ವೇಲ್ಸ್‌ನ ಈ ಕಣಿವೆಯಲ್ಲಿ ಗಣಿ ಮುಚ್ಚಿದರು, ರೈಲು ನಿಲ್ಲಿಸಿದರು, ಬ್ಯಾಂಕು ಎತ್ತಿಕೊಂಡು ಹೋದರು. ಹಾಡುವುದನ್ನು ಮಾತ್ರ ಯಾರಿಗೂ ನಿಲ್ಲಿಸಲಾಗಿಲ್ಲ. ಹತ್ತೊಂಬತ್ತು ವರ್ಷ ಆಕೆ ಎರಡನೇ ಸಾಲಿನಲ್ಲಿ, ದಪ್ಪ ದನಿಯವರ ಗುಂಪಿನಲ್ಲಿ ನಿಂತಿದ್ದಳು. ಈ ಸೆಪ್ಟೆಂಬರಿನಲ್ಲಿ ಮೇಳ ನಡೆಸುತ್ತಿದ್ದ ಮುದುಕರಿಗೆ ಕಿವಿ ಕೇಳುವುದಿಲ್ಲವೆಂದು ಪತ್ತೆಯಾಯಿತು. ನಾಲ್ಕು ವರ್ಷದಿಂದ ಕೇಳುತ್ತಿರಲಿಲ್ಲವಂತೆ, ಹಾಡಿದವರಿಗೂ ಗೊತ್ತಾಗಿರಲಿಲ್ಲ. ಅವರು ಇಳಿದರು, ಮೇಳಕ್ಕೆ ತಾಳ ತೋರುವ ಕೋಲು ನೆರಿಸ್‌ಳ ಕೈಗೆ ಬಂತು. ಅಷ್ಟರಲ್ಲಿ ಚಾಪೆಲ್‌ನ ಹೀಟಿಂಗ್ ಕೆಟ್ಟಿತು. ಊರೂರಿನ ಮೇಳಗಳ ಸ್ಪರ್ಧೆ ಬರುವ ಶನಿವಾರ. ಅಭ್ಯಾಸ ಯಾರದಾದರೂ ಮನೆಯಲ್ಲಿ ಆಗಬೇಕು.

ನಮ್ಮಲ್ಲಿ ಹಿಂದಿನಿಂದ ಬಂದ ಒಂದು ರೂಢಿಯಿದೆ. ಅಭ್ಯಾಸ ಯಾರ ಮನೆಯ ಮುಂಗೋಣೆಯಲ್ಲಿ ನಡೆಯುತ್ತದೋ ಆ ಮನೆಯಾಕೆ ಮುಂದೆ ನಿಂತು ಕೋಲು ಹಿಡಿಯುತ್ತಾಳೆ. ನೆರಿಸ್ ನಮ್ಮ ಮುಂಗೋಣೆ ಕೊಡುತ್ತೇನೆಂದಳು. ಮೇಳದಲ್ಲೇ ಹಾಡುವ ಮೇಲ್ಮನೆ ಮಾರ್ಗೆಡ್ ತನ್ನದು ಕೊಡುತ್ತೇನೆಂದಳು. ಗುಡ್ಡದ ತುದಿಯಲ್ಲಿ ಹೊಸ ಮನೆ ಕಟ್ಟಿಸಿದ್ದರಿಂದ ಆಕೆ ಮೇಲ್ಮನೆ ಮಾರ್ಗೆಡ್. ಅರ್ಧ ಊರಿಗೆ ಒಂದೇ ಮನೆತನದ ಹೆಸರಿರುವುದರಿಂದ ಹೀಗೆ ಕರೆಯದೆ ಗತಿಯಿಲ್ಲ. ನಾನು ಕಾರ್ಪೆಟ್ ಹೈವೆಲ್. ಮಾರ್ಗೆಡ್‌ಳ ಮನೆಯಲ್ಲಿ ರೇಡಿಯೇಟರುಗಳೇ ಇಲ್ಲ. ನೆಲದಡಿ ಬಿಸಿನೀರಿನ ಕೊಳವೆ ಹಾಸಿ, ಮೇಲೆ ನುಣ್ಣನೆ ಕಲ್ಲು ಹಾಕಿಸಿದ್ದಾಳೆ. ಕಾರ್ಪೆಟ್ ಒಂದು ತುಂಡೂ ಇಲ್ಲ. ಇದರ ಬಗ್ಗೆ ನನ್ನ ವೈಯಕ್ತಿಕ ಅಭಿಪ್ರಾಯ ಅಚ್ಚಿಗೆ ಯೋಗ್ಯವಲ್ಲ.

ಚಾಪೆಲ್ ಹೆಂಗಸರು ತೂಗಿ ನೋಡಿ ತೀರ್ಪು ಕೊಟ್ಟರು: ಮಂಗಳವಾರ ನೆರಿಸ್ ಮನೆ. ಸರಿಹೋದರೆ ಗುರುವಾರ, ಶುಕ್ರವಾರವೂ ಅಲ್ಲೇ.

ಇನ್ನು ನನ್ನ ಮಾವನವರ ವಿಷಯ. ಗ್ವಿಲಿಮ್, ಎಂಬತ್ತೆರಡು ವರ್ಷ. ಸೊಂಟದ ಕೀಲು ಬದಲಾಯಿಸಿಕೊಂಡು, ಚೇತರಿಸಿಕೊಳ್ಳಲು ನಮ್ಮಲ್ಲಿಗೆ ಬಂದು ಒಂದು ತಿಂಗಳಾಗಿತ್ತು. ಮೊದಲೆಲ್ಲ ಮಲಗೇ ಇದ್ದರು, ಈಗ ಕೋಲೂರಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಗಣಿ ಮುಚ್ಚುವವರೆಗೆ ಅಲ್ಲಿಯ ಬಾಯ್ಲರ್ ಮನೆಯ ಉಸ್ತುವಾರಿ ಅವರದು. ಆರು ಬಾಯ್ಲರುಗಳು, ಒಂದೊಂದೂ ನಮ್ಮ ಮನೆಯಷ್ಟು ಉದ್ದ. ಊರಿನವರ ಬಾಯಲ್ಲಿ ಇವತ್ತಿಗೂ ಬಾಯ್ಲರ್ ಗ್ವಿಲಿಮ್. ಬಂದ ಮೊದಲ ವಾರ ಹಾಸಿಗೆಯಿಂದಲೇ ಕೇಳಿದ್ದರು:

"ಮನೇಲಿ ಬಾಯ್ಲರ್ ನೋಡ್ಕೊಳ್ಳೋದು ಯಾರು?"

"ನಾನೇ ಮಾವ."

"ಹಾಂ" ಎಂದರು.

ಆ ಒಂದು "ಹಾಂ"ನಲ್ಲಿ ನಲವತ್ತು ಟನ್ ಕಲ್ಲಿದ್ದಲಿನಷ್ಟು ಅನುಮಾನವಿತ್ತು. ಅವರನ್ನು ಸಲಹೆ ಕೇಳಬಹುದಿತ್ತು, ಕೇಳಲಿಲ್ಲ. ಅವರದು ಕಲ್ಲಿದ್ದಲಿನ ವಿದ್ಯೆ, ನಮ್ಮದು ಗ್ಯಾಸು. ಅಲ್ಲದೆ ಕೇಳಿದರೆ ನನಗೆ ಗೊತ್ತಿಲ್ಲವೆಂದು ಅವರಿಗೆ ಗೊತ್ತಾಗುತ್ತದೆ. ವ್ಯಾಪಾರಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ.

ಮಂಗಳವಾರ ಸಂಜೆ ಒಬ್ಬ ಗಿರಾಕಿ ಮೆಟ್ಟಿಲಿಗೆ ಹಾಸುವ ಕಾರ್ಪೆಟ್ ಆರಿಸಲು ಎರಡು ಗಂಟೆ ತೆಗೆದುಕೊಂಡು, ಹೆಂಡತಿಯನ್ನು ಕೇಳಿ ಬರುತ್ತೇನೆಂದು ಹೋದ. ನಾನು ಮನೆ ತಲುಪಿದಾಗ ಏಳಕ್ಕೆ ಹತ್ತು ನಿಮಿಷ. ಮುಳ್ಳು ಅರ್ಧದಲ್ಲಿತ್ತು, ಬಾಯ್ಲರ್ ಆರಿತ್ತು, ಮುಂಗೋಣೆಯಲ್ಲಿ ಹದಿಮೂರು ಹೆಂಗಸರು ಕೋಟಿನ ಗುಂಡಿ ಗಂಟಲತನಕ ಹಾಕಿಕೊಂಡು ಕುಳಿತಿದ್ದರು. ಹದಿನಾಲ್ಕನೆಯವಳು ಮುಂದೆ ಕೋಲು ಹಿಡಿದು ನಿಂತು ನನ್ನನ್ನು ನೋಡಿದಳು. ಆ ನೋಟದ ಒತ್ತಡ ಅಳೆಯುವ ಮುಳ್ಳು ಇನ್ನೂ ಬಂದಿಲ್ಲ.

ನಾನು ನೀರು ತುಂಬಿಸಿದೆ. ರೇಡಿಯೇಟರುಗಳು ಬೆಚ್ಚಗಾಗುವಷ್ಟರಲ್ಲಿ ಅಭ್ಯಾಸವೇ ಮುಗಿದಿತ್ತು.

ಮಾರ್ಗೆಡ್ ಕೈಗವಸು ಹಾಕಿಕೊಳ್ಳುತ್ತ ಎದ್ದಳು. "ನಿನಗೆ ಅನುಕೂಲ ನೆರಿಸ್. ಈ ಮನೇಲಿ ಬೆಣ್ಣೆ ಇಡೋಕೆ ಫ್ರಿಜ್ಜೇ ಬೇಡ."

"ಕೊಂಕು ಬೇಡ ಮಾರ್ಗೆಡ್. ಇವತ್ತೊಂದು ದಿನ ಹೀಗಾಯ್ತು."

"ನಾನೇನಂದೆ ಈಗ? ನಮ್ಮಲ್ಲಾದ್ರೆ ನೆಲವೇ ಬೆಚ್ಚಗಿರುತ್ತೆ, ಬರಿಗಾಲಲ್ಲಿ ನಿಂತು ಹಾಡ್ಬಹುದು ಅಂದೆ, ಅಷ್ಟೇ."

'ಬರಿಗಾಲು' ಎಂಬ ಮಾತಿಗೆ ಇಡೀ ಮೇಳ ಒಂದೇ ಶ್ರುತಿಯಲ್ಲಿ ನಿಟ್ಟುಸಿರು ಬಿಟ್ಟಿತು. ಆ ಸಂಜೆ ಅವರು ಒಟ್ಟಿಗೆ ಸರಿಯಾಗಿ ಮಾಡಿದ್ದು ಅದೊಂದೇ.

ಅವರು ಹೋದ ಮೇಲೆ ನೆರಿಸ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದಳು. ಜೋರು ಮಾಡಲಿಲ್ಲ, ಮಾಡಿದ್ದರೆ ನನಗೆ ಸಲೀಸಾಗುತ್ತಿತ್ತು.

"ಗುರುವಾರ ಮನೆ ಬೆಚ್ಚಗಿಲ್ದಿದ್ರೆ ಶುಕ್ರವಾರ ಎಲ್ರೂ ಗುಡ್ಡ ಹತ್ತುತಾರೆ. ಕೋಲೂ ಹತ್ತುತ್ತೆ. ಹತ್ತೊಂಬತ್ತು ವರ್ಷ ಎರಡನೇ ಸಾಲಲ್ಲಿ ನಿಂತಿದೀನಿ ಹೈವೆಲ್. ಮುಂದಿನವರ ಬೆನ್ನು ನೋಡ್ಕೊಂಡು."

"ನಾಳೆ ಬುಧವಾರ, ಮಧ್ಯಾಹ್ನ ಅಂಗಡಿ ರಜ. ಸೋರೋ ಜಾಗ ಹಿಡಿದು ನಿನ್ನ ಅಂಗೈಲಿ ಇಡ್ತೀನಿ."

"ಅಂಗೈಲಿ ಬೇಡ. ನಿಲ್ಲಿಸು ಸಾಕು."

ಬುಧವಾರ ಮಧ್ಯಾಹ್ನ ಫೋನಿನ ಒಂದು ವಿಡಿಯೋದಲ್ಲಿ ಒಬ್ಬ ಗುರು ಸಿಕ್ಕ. ಬೋಳು ತಲೆ, ಕೈಯಲ್ಲಿ ಸ್ಪಾನರು. ಪ್ರತಿ ರೇಡಿಯೇಟರಿಗೆ ಕೊಳವೆ ಸೇರುವ ಕೀಲುಗಳಿಗೆ ಟಾಯ್ಲೆಟ್ ಕಾಗದ ಸುತ್ತಿದರೆ, ಸೋರುವ ಕೀಲು ತಾನೇ ಕಾಗದವನ್ನು ಒದ್ದೆ ಮಾಡಿ ನಿಮಗೆ ಶರಣಾಗುತ್ತದೆ ಎಂದ. ಏಳು ರೇಡಿಯೇಟರುಗಳ ಹದಿನಾಲ್ಕು ಕೀಲುಗಳಿಗೆ ಸುತ್ತಿ, ಕಳಚದಿರಲೆಂದು ಒಂದೊಂದಕ್ಕೂ ಮುದ್ದಾದ ಗಂಟು ಹಾಕಿದೆ. ಮನೆಯ ತುಂಬ ಗಾಯಾಳುಗಳು. ಒಂದು ಗಂಟೆ ಕಾದೆ. ಎಲ್ಲ ಕಾಗದವೂ ಒಣಗಿಕೊಂಡೇ ಇತ್ತು.

ಅಂದರೆ ಸೋರಿಕೆ ನೆಲದ ಕೆಳಗೆ. ಮುಂಗೋಣೆಯ ಕಾರ್ಪೆಟನ್ನು ಮೂಲೆಯಿಂದ ಕಿತ್ತೆ. ಅದನ್ನು ಹಾಸಿದವನು ನಾನೇ. "ಇದನ್ನ ಆನೆ ಬಂದ್ರೂ ಎಬ್ಬಿಸೋಕಾಗಲ್ಲ" ಎಂದು ಅಂದು ಹೇಳಿದವನೂ ನಾನೇ. ನನ್ನ ಕಸುಬುಗಾರಿಕೆಯ ಮಟ್ಟ ನನಗೇ ಮೊದಲ ಬಾರಿ ಅನುಭವಕ್ಕೆ ಬಂದು, ಎರಡು ಉಗುರು ಹೋದವು. ಕೆಳಗಿನ ಹಲಗೆಗಳನ್ನು ಮೀಟಿ ತೆಗೆದು, ಹೊಟ್ಟೆಯ ಮೇಲೆ ಮಲಗಿ, ಬ್ಯಾಟರಿ ಹಿಡಿದು ಇಣುಕಿದೆ. ಕೊಳವೆಗಳ ಮೇಲೆ ಒಂದು ಬೆರಳು ದಪ್ಪ ಧೂಳು. ಇಷ್ಟು ಒಣಗಿದ ಜಾಗ ಈ ಕಣಿವೆಯಲ್ಲಿ ಬೇರೆಲ್ಲೂ ಇಲ್ಲವೆಂದು ಪ್ರಮಾಣ ಮಾಡಿ ಹೇಳಬಲ್ಲೆ.

ತಲೆಯ ಮೇಲೆ ಊರುಗೋಲಿನ ಸದ್ದು. ಮಾವನವರು.

"ಏನು ಹುಡುಕ್ತಿದೀಯ?"

"ಸೋರಿಕೆ ಮಾವ."

"ಒದ್ದೆ ಇದೆಯಾ?"

"ಇಲ್ಲ."

"ಹಾಗಾದ್ರೆ ಸೋರಿಕೆ ಇಲ್ಲ."

"ಒತ್ತಡ ಸ್ವಲ್ಪ ಹಾಗೆ ಹೀಗೆ ಆಗ್ತಿದೆ..." ಇಳಿಯುತ್ತಿದೆ ಎಂದು ಬಾಯಿಬಿಟ್ಟು ಹೇಳಲು ನನ್ನ ಮಾನ ಬಿಡಲಿಲ್ಲ.

ಮಾವನವರು ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ನಾನೂ ಗಮನಿಸಿದೀನಿ. ನೆರಿಸ್‌ಗೆ ಹೇಳ್ಬೇಡ, ಹೆದರ್ತಾಳೆ. ನನ್ನ ಕೈಲಾದಷ್ಟು ನಾನು ನೋಡ್ಕೊಳ್ತಿದೀನಿ."

ಮುಳ್ಳು ಇಳಿದರೆ ಹೆದರುವುದೇನಿದೆ, ಬೈಯುವುದಿದೆ ಎಂದುಕೊಂಡೆ. ಆದರೂ ಮುದುಕರ ಕಾಳಜಿ ಮನಸ್ಸಿಗೆ ತಟ್ಟಿತು. "ಆಗಲಿ ಮಾವ" ಎಂದೆ. ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಎಷ್ಟು ಚೆನ್ನಾಗಿ ಅರ್ಥಮಾಡಿಕೊಳ್ಳಬಹುದು ಎಂಬುದಕ್ಕೆ ಅದೊಂದು ನಿದರ್ಶನದಂತಿತ್ತು.

ಅಷ್ಟರಲ್ಲಿ ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ನೆರಿಸ್ ಬಂದಳು. ನೆಲದ ಗುಂಡಿ ನೋಡಿದಳು, ಗುಂಡಿಯೊಳಗಿನ ನನ್ನನ್ನು ನೋಡಿದಳು, ಹಜಾರದ ಕಿಟಕಿಯಿಂದ ಒಂದು ಹೂಕುಂಡ ತಂದು ನನ್ನ ಮೂಗಿನ ಮುಂದೆ ಹಿಡಿದಳು.

"ಜೆರೇನಿಯಂ ಕಪ್ಪಗಾಗ್ತಿದೆ. ಇದಕ್ಕೇನಾದ್ರೂ ಹಾಕಿದ್ಯಾ?"

"ನಾನು ನೆಲದ ಕೆಳಗಿದೀನಿ ನೆರಿಸ್. ಜೆರೇನಿಯಂ ಕೇಳೋ ಸಮಯವಾ ಇದು?"

"ನಾಳೆ ಏಳು ಗಂಟೆಯೊಳಗೆ ಮೇಲೆ ಬಂದ್ಬಿಡು. ಆ ಜಾಗದಲ್ಲಿ ನಾಲ್ಕು ಜನ ಕೂರಬೇಕು."

ಗುರುವಾರ ಅಂಗಡಿಯನ್ನು ಪಕ್ಕದ ಪರದೆ ಅಂಗಡಿಯವನಿಗೆ ಒಪ್ಪಿಸಿ ನಾಲ್ಕಕ್ಕೇ ಮನೆಗೆ ಬಂದೆ. ಮುಳ್ಳು ಅರ್ಧ. ಮಾವನವರು ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಒಂದೂವರೆಗೆ ತುಂಬಿಸಿ ಹೊತ್ತಿಸಿದೆ. ಆರೂವರೆಗೆ ಮನೆ ಹದವಾಗಿ ಬೆಚ್ಚಗಾಗಿತ್ತು. ಕಾರ್ಪೆಟ್ ಒಂದು ಮೂಲೆಯಲ್ಲಿ ಉಬ್ಬಿತ್ತು, ಅಷ್ಟೇ. ನೆರಿಸ್ ಹೊಸ ಕುಪ್ಪಸ ತೊಟ್ಟು ಕೆಳಗಿಳಿದಳು. ರೇಡಿಯೇಟರಿನ ಮೇಲೆ ಕೈಯಿಟ್ಟಳು. ನನ್ನ ಕೆನ್ನೆಯ ಮೇಲೂ ಇಟ್ಟಳು. ನಾನು ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಬರಹಕ್ಕೆ ಕೆಲಸವಿರಲಿಲ್ಲ.

ಆದರೆ ನನ್ನೊಳಗಿನ ವ್ಯಾಪಾರಿ ಎದ್ದು ಕುಳಿತ. ಮುಳ್ಳು ಇಳಿಯುವುದಂತೂ ಇಳಿಯುತ್ತದೆ. ಹಾಡಿನ ನಡುವೆ ಇಳಿದುಬಿಟ್ಟರೆ? ಓಡುವ ಮಾಲನ್ನು ಹೆಚ್ಚಿಗೆ ತಂದಿಡುವುದು ಕಸುಬಿನ ಮೊದಲ ಪಾಠ. ಕ್ರಿಸ್‌ಮಸ್ಸಿಗೆ ಕೆಂಪು ರತ್ನಗಂಬಳಿ ದಾಸ್ತಾನು ಮಾಡುವವನಿಗೆ ಒತ್ತಡ ದಾಸ್ತಾನು ಮಾಡುವುದು ತಿಳಿಯದೆ? ಏಳಕ್ಕೆ ಐದು ನಿಮಿಷವಿರುವಾಗ ಗುಟ್ಟಾಗಿ ಅಡುಗೆಮನೆಗೆ ಹೋಗಿ ಎರಡೂ ನಲ್ಲಿ ತಿರುಗಿಸಿ, ಮುಳ್ಳನ್ನು ಎರಡೂಮುಕ್ಕಾಲಿಗೆ ಏರಿಸಿ ಬಂದೆ. ಮೂರು ದಿನಕ್ಕಾಗುವಷ್ಟು ಸರಕು.

ಹೆಂಗಸರು ಬಂದರು. ಕೋಟು ಕಳಚಿದರು. ಮೇಲು ದನಿಯ ಬ್ರಾನ್ವೆನ್ ಕೀಲುಗಳ ಕಾಗದದ ಗಂಟು ನೋಡಿ, "ಎಷ್ಟು ಚೆನ್ನಾಗಿದೆ, ಕ್ರಿಸ್‌ಮಸ್ ಅಲಂಕಾರ ಈಗ್ಲೇ ಶುರುವಾ?" ಎಂದಳು. ಹೌದೆಂದೆ. ಮಾರ್ಗೆಡ್ ಇನ್ನೂ ಬಂದಿರಲಿಲ್ಲ. ಆಕೆ ಬಂದಾಗ ಮನೆ ಹೇಗಿರಬೇಕೆಂದು ಯೋಚಿಸಿದ ನೆರಿಸ್, ಗೋಡೆಯ ಮೇಲಿನ ಗುಂಡಿಯನ್ನು ಇನ್ನೊಂದು ಸುತ್ತು ಬಿಸಿಗೆ ತಿರುಗಿಸಿ, ಕೋಲೆತ್ತಿದಳು.

ನೀರು ಬಿಸಿಯಾದಷ್ಟೂ ಹಿಗ್ಗುತ್ತದೆ, ಹಿಗ್ಗಿದಷ್ಟೂ ಒತ್ತಡ ಏರುತ್ತದೆ. ಬೋಳು ತಲೆಯ ಗುರು ಇದನ್ನು ವಿಡಿಯೋದ ಕೊನೆಯಲ್ಲಿ ಹೇಳಿದ್ದನಂತೆ. ನಾನು ಕೊನೆಯವರೆಗೆ ನೋಡಿರಲಿಲ್ಲ.

ಹಾಡಿನಲ್ಲಿ ಒಂದು ಜಾಗವಿದೆ. ಎಲ್ಲ ದನಿಗಳೂ ಇಳಿದು ಇಳಿದು ಉಸಿರಿನಷ್ಟಾಗುತ್ತವೆ. ನೆರಿಸ್ ಎಡಗೈ ಅಂಗೈಯನ್ನು ಕೆಳಮುಖ ಮಾಡಿ ಇನ್ನೂ, ಇನ್ನೂ ಎಂದು ಇಳಿಸುತ್ತಿದ್ದಳು. ಆಗ ಅಡುಗೆಮನೆಯಿಂದ ಸಾವಿರ ಹಾವು ಒಟ್ಟಿಗೆ ಬುಸುಗುಟ್ಟಿದ ಸದ್ದು ಬಂತು. ಅದರ ಬೆನ್ನಿಗೇ ಹಿತ್ತಲ ಓಣಿಯಿಂದ ಒಂದು ಕಿರುಚಾಟ. ಆ ಸ್ವರ ಹಾಡಿನಲ್ಲಿರಲಿಲ್ಲ, ಆದರೆ ಶ್ರುತಿ ಸರಿಯಾಗಿತ್ತು. ತಡವಾಯಿತೆಂದು ಹಿತ್ತಲ ಬಾಗಿಲಿಂದ ಬರುತ್ತಿದ್ದ ಮಾರ್ಗೆಡ್, ಸೇಫ್ಟಿ ವಾಲ್ವಿನ ಕೊಳವೆಯ ಬಾಯಿ ಗೋಡೆಯಿಂದ ಹೊರಬರುವ ಜಾಗದಲ್ಲೇ ನಿಂತು, ಬಾಗಿಲು ತಟ್ಟಲು ಕೈಯೆತ್ತಿದ್ದಳು. ಬಿಸಿನೀರು ಆಕೆಯ ಹೊಸ ಚರ್ಮದ ಬೂಟುಗಳಿಗೆ ಅಭಿಷೇಕವಾಗಿತ್ತು. ಬೂಟು ದಪ್ಪವಿದ್ದುದರಿಂದ ಕಾಲು ಉಳಿಯಿತು. ಬೂಟು ಉಳಿಯಲಿಲ್ಲ.

ಮೆಟ್ಟಿಲ ಮೇಲೆ ಮಾವನವರು ಕಾಣಿಸಿಕೊಂಡರು. ಪೈಜಾಮ, ತಲೆಗೆ ಗಣಿಯ ಕಾಲದ ಟೋಪಿ. ಊರುಗೋಲು ಎಲ್ಲೋ ಬಿದ್ದಿತ್ತು. ಹೊಸ ಸೊಂಟದ ಮೇಲೆ ಇಪ್ಪತ್ತರ ಯುವಕನ ಹಾಗೆ ಇಳಿದರು.

"ಸೇಫ್ಟಿ ವಾಲ್ವ್ ಎದ್ದು ಬಾಯ್ಬಿಟ್ಟಿದೆ! ಎಲ್ರೂ ಹೊರಗೆ. ಕೋಟು ಬೇಡ, ಚೀಲ ಬೇಡ, ಮಾತು ಬೇಡ. ನಡೀರಿ."

ಆ ದನಿಗೆ ಒಂದು ಕಾಲದಲ್ಲಿ ಮುನ್ನೂರು ಗಣಿಗಾರರು ಓಡಿದ್ದರಂತೆ. ಹದಿಮೂರು ಹೆಂಗಸರು ಲೆಕ್ಕಕ್ಕಿಲ್ಲ. ಅರ್ಧ ನಿಮಿಷದಲ್ಲಿ ಇಡೀ ಮೇಳ ಬೀದಿಯಲ್ಲಿತ್ತು. ಓಣಿಯಿಂದ ಪಚಕ್ ಪಚಕ್ ಎನ್ನುತ್ತ ಮಾರ್ಗೆಡ್ ಬಂದು ಸೇರಿಕೊಂಡಳು. ಒಳಗೆ ಹೋದ ಮಾವನವರು ಗ್ಯಾಸು ನಿಲ್ಲಿಸಿ, ವಾಲ್ವ್ ತಿರುಗಿಸಿ ಕೂರಿಸಿ, ಹೊರಗೆ ಬಂದು ನೆರಿಸ್‌ಳ ಭುಜದ ಮೇಲೆ ಕೈಯಿಟ್ಟರು.

"ನಿನಗೆ ಹೇಳ್ಬಾರದು ಅಂತಿದ್ದೆ ಮಗಳೇ. ನಿನ್ನ ಬಾಯ್ಲರ್‌ಗೆ ಹುಚ್ಚು ಹಿಡಿದಿದೆ. ಯಾರೂ ಮುಟ್ಟದೆ ರಾತ್ರಿಯೆಲ್ಲ ಒತ್ತಡ ಏರಿಸ್ಕೊಳ್ಳುತ್ತೆ. ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ನಾನು ಇಳಿಸ್ತಿದೀನಿ, ಆದ್ದರಿಂದ ಈ ಮನೆ ಇನ್ನೂ ನಿಂತಿದೆ."

ಬೀದಿದೀಪದ ಕೆಳಗೆ ನಿಂತಿದ್ದ ನನಗೆ ಚಳಿಯಲ್ಲೂ ಬೆವರು ಕಿತ್ತುಕೊಂಡಿತು.

"ಇಳಿಸ್ತಿದೀರಾ? ಹೇಗೆ ಮಾವ?"

"ಹೇಗೆ ಅಂದ್ರೆ? ನನ್ನ ಕೋಣೆ ರೇಡಿಯೇಟರ್ ಬಿರಡೆ ಸಡಿಲಿಸಿ ನೀರು ಬಿಡ್ತೀನಿ. ಅರ್ಧಕ್ಕೆ ಬರೋ ತನಕ. ಗಣಿಯಲ್ಲಿ ಪಾಳಿ ಇಲ್ಲದ ಹೊತ್ತು ಒತ್ತಡ ಇಳಿಸಿಡೋದು ನಿಯಮ. ಹಗಲು ಮನೇಲಿ ನನ್ನ ಬಿಟ್ರೆ ಯಾರಿರ್ತಾರೆ?"

"ಆ ನೀರು ಏನ್ ಮಾಡ್ತೀರಿ ಅಪ್ಪ?" ನೆರಿಸ್ ಮೆಲ್ಲಗೆ ಕೇಳಿದಳು.

"ಸುಮ್ನೆ ಯಾಕೆ ಚೆಲ್ಲೋದು ಅಂತ ಜೆರೇನಿಯಂಗೆ ಹಾಕ್ತೀನಿ."

"ಮಾವ," ಎಂದೆ, "ರಾತ್ರಿಯೆಲ್ಲ ಅದು ತಾನಾಗಿ ಏರ್ತಿರ್ಲಿಲ್ಲ. ದಿನಾ ಸಂಜೆ ನಾನು ಏರಿಸ್ತಿದ್ದೆ."

"ಯಾಕೆ?"

"ಇಳಿದಿರ್ತಿತ್ತಲ್ಲ!"

ಹದಿಮೂರು ದಿನ, ಒಂದೇ ಸೂರಿನ ಕೆಳಗೆ, ಒಬ್ಬ ಸಂಜೆ ತುಂಬಿಸಿ, ಒಬ್ಬರು ಬೆಳಿಗ್ಗೆ ಬರಿದು ಮಾಡಿ, ಇಬ್ಬರೂ ಸೇರಿ ಯಾವ ತಪ್ಪೂ ಮಾಡದ ಒಂದು ಯಂತ್ರಕ್ಕೆ ಎರಡು ಬೇರೆ ಬೇರೆ ರೋಗ ಕಂಡುಹಿಡಿದಿದ್ದೆವು. ಬ್ರಾನ್ವೆನ್ ಕರವಸ್ತ್ರ ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದಳು.

"ಸರಿ, ಗೊತ್ತಾಯ್ತಲ್ಲ" ಎಂದೆ. "ಈಗ ಮತ್ತೆ ಹೊತ್ತಿಸಿದ್ರೆ ಅರ್ಧ ಗಂಟೆಲಿ..."

"ಹೊತ್ತಿಸೋದಾ?" ಮಾವನವರು ಬಾಗಿಲಿಗೆ ಅಡ್ಡ ನಿಂತರು. "ವಾಲ್ವ್ ಎದ್ದ ಬಾಯ್ಲರನ್ನ ಪೂರ್ತಿ ಪರೀಕ್ಷೆ ಆಗೋ ತನಕ ಹೊತ್ತಿಸೋ ಹಾಗಿಲ್ಲ. ಅರವತ್ತೊಂದರಲ್ಲಿ ಒಬ್ಬ ನಿನ್ನಂಥವನೇ ಹೊತ್ತಿಸಿದ್ದ. ಅವನ ಟೋಪಿ ಪಕ್ಕದ ಊರಲ್ಲಿ ಸಿಕ್ತು."

ಮಾರ್ಗೆಡ್ ಒದ್ದೆ ಬೂಟು ಕಳಚಿ ಕೈಯಲ್ಲಿ ಹಿಡಿದು ಮುಂದೆ ಬಂದಳು. ಆಕೆಗೆ ಜೋರು ಮಾಡುವ ಹಕ್ಕಿತ್ತು, ಮಾಡಲಿಲ್ಲ. ಅದೇ ಆಕೆಯ ಜಾಣತನ.

"ಪಾಪ, ಆಗಿದ್ದು ಆಯ್ತು" ಎಂದಳು. "ಮೂರು ಕಾರಿದೆ, ಎಲ್ರೂ ಹಿಡಿಸ್ತೀವಿ. ಹತ್ತು ನಿಮಿಷದಲ್ಲಿ ನ‍ಮ್ಮನೆ. ಬೆಚ್ಚಗಿನ ನೆಲ. ನೆರಿಸ್ ನೀನೂ ಬಾ, ನಿನ್ನ ಜಾಗ ನಿನಗಿದ್ದೇ ಇದೆ, ಎರಡನೇ ಸಾಲಲ್ಲಿ."

ನೆರಿಸ್‌ಳ ಕೈಯಲ್ಲಿ ಕೋಲು ಹಾಗೇ ಇತ್ತು. ಎಲ್ಲವನ್ನೂ ಬಿಟ್ಟು ಓಡಿದಾಗ ಅದೊಂದನ್ನು ಹಿಡಿದುಕೊಂಡೇ ಓಡಿದ್ದಳು. ಈಗ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದಳು, ಗಿರಾಕಿಗಳು ತಮಗೆ ಎಟುಕದ ಮಾಲನ್ನು ಕೆಳಗಿಡುವ ಮೊದಲು ನೋಡುತ್ತಾರಲ್ಲ, ಹಾಗೆ. ಆ ನೋಟ ನಾನು ಅಂಗಡಿಯಲ್ಲಿ ಸಾಕಷ್ಟು ಸಲ ಕಂಡಿದ್ದೇನೆ. ನನ್ನ ಮನೆಯ ಬಾಗಿಲಲ್ಲಿ ಕಂಡದ್ದು ಅದೇ ಮೊದಲು.

ಬಾಯ್ಲರ್ ನನಗೆ ಬರುವುದಿಲ್ಲ, ಒಪ್ಪಿದೆ. ಆದರೆ ಮಾರುವುದು ಬರುತ್ತದೆ. ಬಾಗಿಲ ಕಲ್ಲಿನ ಮೇಲೆ ಹತ್ತಿ ನಿಂತೆ.

"ಹೋಗಿ, ಹೋಗಿ" ಎಂದೆ. "ಶನಿವಾರ ಸ್ಪರ್ಧೆ ನಡೆಯೋದು ಎಲ್ಲಿ ಅನ್ನೋದು ಮಾತ್ರ ಒಂದು ಸಲ ನೆನಪು ಮಾಡ್ಕೊಂಡು ಹೋಗಿ."

"ಹಳೇ ಮಂಟಪದಲ್ಲಿ" ಎಂದಳು ಬ್ರಾನ್ವೆನ್.

"ಆ ಮಂಟಪದಲ್ಲಿ ಹೀಟಿಂಗ್ ಇದೆಯಾ?"

ಆ ಮಂಟಪದಲ್ಲಿ ಕಿಟಕಿಗಾಜೇ ಪೂರ್ತಿ ಇಲ್ಲ.

"ಬೇರೆ ಊರ ಮೇಳಗಳೆಲ್ಲ ಬೆಚ್ಚಗಿನ ಕೋಣೆಲಿ ಹಾಡಿ ಹಾಡಿ, ಬೆಣ್ಣೆಯಂಥ ಗಂಟಲು ಮಾಡ್ಕೊಂಡು ಬರ್ತಾರೆ. ಬೆಣ್ಣೆಯನ್ನ ಚಳಿಗಿಟ್ರೆ ಏನಾಗುತ್ತೆ? ಗಟ್ಟಿ. ನೀವು? ಮಂಗಳವಾರದಿಂದ ಚಳಿಯಲ್ಲೇ ಹಾಡಿದೀರಿ. ಈ ಊರಲ್ಲಿ ಚಳಿ ಅಭ್ಯಾಸ ಮಾಡ್ಸೋ ಮನೆ ಇರೋದು ಒಂದೇ. ಅದರ ಬೆಲೆ ನಿಮಗೆ ಗೊತ್ತಿಲ್ಲ."

"ಕಾರ್ಪೆಟ್ ಹೈವೆಲ್," ಎಂದಳು ಮಾರ್ಗೆಡ್, "ನಿನ್ನ ಕಾರ್ಪೆಟ್ ಕೊಂಡೋರಿಗೆಲ್ಲ ಗೊತ್ತು ನಿನ್ನ ಮಾತಿನ ಬಣ್ಣ ಎಷ್ಟು ದಿನ ಇರುತ್ತೆ ಅಂತ."

"ಬಣ್ಣ ಬಿಡು. ಬಿಸಿ ನೆಲದ ಮೇಲೆ ನಿಂತ್ರೆ ರಕ್ತ ಎಲ್ಲ ಪಾದಕ್ಕೆ ಇಳಿಯುತ್ತೆ. ಹಾಡೋರಿಗೆ ರಕ್ತ ಬೇಕಾಗಿರೋದು ಎಲ್ಲಿ? ಗಂಟಲಲ್ಲಿ."

ಇದು ಯಾವ ವೈದ್ಯಶಾಸ್ತ್ರದಲ್ಲಿದೆ ಎಂದು ಕೇಳಬೇಡಿ. ನುಣ್ಣನೆಯ ಕಲ್ಲಿನ ನೆಲದ ಮೇಲೆ ನನಗಿದ್ದ ಹಳೆಯ ಸಿಟ್ಟಿನಲ್ಲಿದೆ. ಆದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಒಬ್ಬಳು ಗಂಟಲು ಮುಟ್ಟಿ ನೋಡಿಕೊಂಡಳು. ನನಗೆ ಅಷ್ಟು ಸಾಕು. ಗಿರಾಕಿ ಅಂಚು ಮುಟ್ಟಿ ನೋಡಿದಳೆಂದರೆ ಸುತ್ತಿ ಕಟ್ಟಬಹುದು.

"ಇಲ್ಲೇ ಹಾಡಿ ನೋಡೋಣ, ನೆರಿಸ್" ಎಂದಳು ಬ್ರಾನ್ವೆನ್. "ಒಂದೇ ಸಲ."

ಬೀದಿಯಲ್ಲೇ ಹಾಡಿದರು. ಬಾಯಿಂದ ಹೊಗೆ ಬರುತ್ತಿತ್ತು. ಸಣ್ಣ ದನಿಯ ಜಾಗ ಬಂದಾಗ ನೆರಿಸ್ ಕೈ ಇಳಿಸಿದಳು, ಇಳಿಸಿದಳು, ಬೀದಿಯ ತುದಿಯ ನಾಯಿಯೂ ಸುಮ್ಮನಾಯಿತು. ಮುಗಿದ ಮೇಲೆ ಯಾರೂ ಗುಡ್ಡದ ಮಾತೆತ್ತಲಿಲ್ಲ. ಮಾರ್ಗೆಡ್ ನನ್ನ ಚಪ್ಪಲಿ ಎರವಲು ಪಡೆದು, "ನಾಳೆ ಎಷ್ಟು ಹೊತ್ತಿಗೆ?" ಎಂದು ಕೇಳಿದಳು. ನೆರಿಸ್‌ಳನ್ನು, ನನ್ನನ್ನಲ್ಲ.

ಶನಿವಾರ ಆ ಮಂಟಪದಲ್ಲಿ ಬೇರೆ ಊರ ಮೇಳಗಳು ನಡುಗಿದವು, ಒಂದರ ಶ್ರುತಿ ಮೊದಲ ಸಾಲಿನಲ್ಲೇ ಹೆಪ್ಪುಗಟ್ಟಿತು. ನಮ್ಮವರು ಎರಡನೇ ಬಹುಮಾನ ತಂದರು, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ. ನೆರಿಸ್ ಬಹುಮಾನವನ್ನು ಬಾಯ್ಲರಿನ ಮೇಲೆಯೇ ಇಟ್ಟಳು. ನಾನು ಹಿಗ್ಗಿದೆ. ಶುಕ್ರವಾರವೇ ಬಂದು ಪರೀಕ್ಷೆ ಮಾಡಿದ್ದ ಪ್ಲಂಬರ್ ಹೇಳಿದ್ದು, ಯಂತ್ರದಲ್ಲಿ ಏನೂ ದೋಷವಿಲ್ಲ, ನಾಳೆಯಿಂದಲೇ ಹೊತ್ತಿಸಿ ಎಂದು. ಶಪಥ ಮುರಿದ ದುಃಖಕ್ಕಿಂತ ಬೆಚ್ಚಗೆ ಕೂರುವ ಆಸೆ ನನಗೆ ದೊಡ್ಡದಿತ್ತು.

"ಹೊತ್ತಿಸೋದಾ?" ಎಂದಳು ನೆರಿಸ್. ಥೇಟ್ ಅವರಪ್ಪನ ದನಿ. "ಈಸ್ಟರ್‌ಗೆ ದೊಡ್ಡ ಸ್ಪರ್ಧೆ ಇದೆ. ಅದೂ ಆ ಮಂಟಪದಲ್ಲೇ. ಎಲ್ರೂ ಒಪ್ಪಿದಾರೆ, ಅಲ್ಲೀ ತನಕ ಚಳಿಯಲ್ಲೇ ಅಭ್ಯಾಸ. ವಾರಕ್ಕೆ ನಾಲ್ಕು ದಿನ. ನಡುವೆ ಮನೆ ಬೆಚ್ಚಗಾದ್ರೆ ಗೋಡೆಗಳು ಬಿಸಿ ಹಿಡ್ಕೊಳ್ಳುತ್ವೆ."

"ಚಾಪೆಲ್ ಹೀಟಿಂಗ್ ರಿಪೇರಿ ಆಯ್ತಲ್ಲ?"

"ಅದಕ್ಕೇ ಅಲ್ಲಿಗೆ ಹೋಗ್ತಿಲ್ಲ."

ಈಗ ಫೆಬ್ರವರಿ. ಅಭ್ಯಾಸದ ಸಂಜೆ ನಾನೂ ಮಾವನವರೂ ಅಡುಗೆಮನೆಯಲ್ಲಿ ಕೋಟು, ಟೋಪಿ, ಕೈಗವಸು ಹಾಕಿಕೊಂಡು ಎದುರುಬದುರು ಕೂತು, ಟೀ ಲೋಟವನ್ನು ಕುಡಿಯಲಿಕ್ಕಲ್ಲ, ಕೈ ಕಾಯಿಸಲಿಕ್ಕೆ ಹಿಡಿದಿರುತ್ತೇವೆ. ಮಾತು ಕಡಿಮೆ. ಇಬ್ಬರ ಕಣ್ಣೂ ಮುಳ್ಳಿನ ಮೇಲಿರುತ್ತದೆ. ಹನ್ನೊಂದು ವಾರದಿಂದ ಅದು ಒಂದೂವರೆಯಿಂದ ಒಂದು ಕೂದಲೂ ಅಲುಗಿಲ್ಲ. ಇಡೀ ಕಣಿವೆಯಲ್ಲಿ ಇಷ್ಟು ಸ್ಥಿರವಾದ ಬಾಯ್ಲರ್ ಬೇರೆಯಿಲ್ಲ ಎಂದು ಪ್ಲಂಬರನೇ ಹೇಳಿದ್ದಾನೆ.

ನಿನ್ನೆ ಹಾಡಿನ ನಡುವೆ ಬ್ರಾನ್ವೆನ್ ಬಾಗಿಲಿಂದ ತಲೆ ಹಾಕಿದಳು.

"ಹೈವೆಲ್, ಇಷ್ಟು ಜನ ಸೇರಿದ್ರೆ ಒಳಗೆ ಸ್ವಲ್ಪ ಬೆಚ್ಚಗಾಗ್ತಿದೆ. ಹಿತ್ತಲ ಬಾಗಿಲು ತೆಗೀತೀಯಾ?"

ಮಾವನವರು ನನ್ನ ಕಡೆ ನೋಡಿದರು. ಹೊರಗೆ ಹಿಮ ಬೀಳುತ್ತಿತ್ತು. ನಾನು ಎದ್ದು ಬಾಗಿಲು ತೆರೆದೆ. ಇನ್ನೇನು ಮಾಡಲಿ? ಅವರಿಗೆ ಚಳಿ ಮಾರಿದವನು ನಾನು; ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ನಮ್ಮ ಅಂಗಡಿಯಲ್ಲಿಲ್ಲ.